ಹತ್ತು ಅಕ್ಷರದಾಚೆಯ ಕಣ್ಣು

ಎಂಬತ್ತರ ದಶಕದ ಕೊನೆಯ ಮೂರು ವರ್ಷ ನಾನು ಬಾಗಲಕೋಟೆಯ ಒಂದು ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡಿದೆ. ಅದಕ್ಕೆ ಆಫೀಸು ಅನ್ನುವಷ್ಟು ಜಾಗವಿರಲಿಲ್ಲ. ದಲ್ಲಾಳಿಗಳ ಅಡತಿ ಅಂಗಡಿಗಳ ಓಣಿಯಲ್ಲಿ ಒಂದು ಹಳೆಯ ಕೋಣೆ, ಧೂಳು ಬರಬಾರದೆಂದು ಕಿಟಕಿಗೆ ಕೂಡಿಸಿದ ಗಾಜು, ಎರಡು ಯಂತ್ರ, ಕಿರ್ ಕಿರ್ ಎನ್ನುವ ಒಂದು ಪ್ರಿಂಟರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಕೋಣೆಯ ಮಾಲೀಕರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರರು. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ.

ನಾನು ಹುನಗುಂದದವಳು. ಎಪ್ಪತ್ತರ ದಶಕದಲ್ಲಿ ಬಾಗಲಕೋಟೆಯಲ್ಲಿ ಬಿಎಸ್ಸಿ ಓದಿ, ಕೆಲವು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ಆಮೇಲೆ ಹುಬ್ಬಳ್ಳಿಯಲ್ಲಿ ಆರು ತಿಂಗಳ ಕೋರ್ಸು ಮುಗಿಸಿ ಇಲ್ಲಿಗೆ ಬಂದೆ. ಆಗ ನನಗೆ ಮೂವತ್ತೆರಡು. ಮದುವೆಯ ಮಾತು ಮನೆಯಲ್ಲಿ ನಿಂತುಹೋಗಿತ್ತು. ಈ ಕೆಲಸ ನನ್ನದು, ಇದನ್ನು ನನಗಿಂತ ಚೆನ್ನಾಗಿ ಮಾಡುವವರು ಈ ಊರಲ್ಲಿ ಇಲ್ಲ ಎಂಬ ಹಮ್ಮು ನನಗಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಒಂದು ಸೇವಾ ಸಂಸ್ಥೆ ಆಗ ನಮ್ಮ ತಾಲೂಕುಗಳಲ್ಲಿ ಕಣ್ಣಿನ ಶಿಬಿರ ನಡೆಸುತ್ತಿತ್ತು. ಮೊದಲು ಒಬ್ಬ ಸಹಾಯಕ ಹಳ್ಳಿಗಳಿಗೆ ಹೋಗಿ, ಪೊರೆ ಬಂದವರ ಕಣ್ಣು ನೋಡಿ, ಯಾವ ಕಣ್ಣಿಗೆ ಆಪರೇಷನ್ ಬೇಕು ಎಂದು ಬರೆದುಕೊಳ್ಳುತ್ತಿದ್ದ. ಎರಡು ವಾರದ ನಂತರ ಡಾಕ್ಟರು ಅವರನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸುತ್ತಿದ್ದರು. ಸಾಮಾನ್ಯವಾಗಿ ಸಹಾಯಕ ಬರೆದ ಕಣ್ಣನ್ನೇ ಅವರೂ ಬರೆಯುತ್ತಿದ್ದರು. ನೂರಕ್ಕೆ ಮೂರೋ ನಾಲ್ಕೋ ಮಂದಿಗೆ ಮಾತ್ರ, ಬೇರೆ ಏನಾದರೂ ಕಾರಣ ಕಂಡು, ಕಣ್ಣು ಬದಲಿಸುತ್ತಿದ್ದರು. ಆಮೇಲೆ ಶಿಬಿರ. ಹೊರಗಿನಿಂದ ಬಂದ ಸರ್ಜನ್‌ಗಳು ಒಂದೇ ದಿನ ಐವತ್ತು ಅರವತ್ತು ಆಪರೇಷನ್ ಮುಗಿಸಿ ಹೋಗುತ್ತಿದ್ದರು. ಈ ರೋಗಿಗಳೆಲ್ಲರ ಪಟ್ಟಿ ಮಾಡಿಕೊಡುವ ಕೆಲಸವನ್ನು ಸಾಹೇಬರು ಒಪ್ಪಿಕೊಂಡಿದ್ದರು.

ಮೊದಲ ವರ್ಷ ನಮ್ಮ ಪಟ್ಟಿ ಸಂಸ್ಥೆಯ ಲೆಕ್ಕಕ್ಕೆ ಮಾತ್ರ ಹೋಗುತ್ತಿತ್ತು, ರೋಗಿಯ ದಾಖಲೆಯಲ್ಲಿ ಹನ್ನೊಂದು ಖಾನೆ ಇದ್ದವು. ಹೆಸರು, ಊರು, ವಯಸ್ಸು, ಕಣ್ಣು, ಇಂಥವು. ಪ್ರತಿ ಖಾನೆಗೂ ನಾನು ಎರಡೆರಡು ಪುಟ್ಟ ಫಂಕ್ಷನ್ ಕೈಯಿಂದ ಬರೆದಿದ್ದೆ. ಒಂದು ಖಾನೆಯಲ್ಲಿದ್ದುದನ್ನು ತಂದುಕೊಡುವುದು, ಇನ್ನೊಂದು ಅದರಲ್ಲಿ ಹೊಸದನ್ನು ಇಡುವುದು. ಖಾನೆಗೆ ನೇರವಾಗಿ ಕೈ ಹಾಕಬೇಡಿ, ಹೀಗೆ ಫಂಕ್ಷನ್ ಮೂಲಕವೇ ಹೋಗಿ, ಮುಂದೆ ಏನಾದರೂ ಬದಲಾದರೆ ಒಂದೇ ಕಡೆ ತಿದ್ದಬಹುದು ಎಂದು ಹುಬ್ಬಳ್ಳಿಯಲ್ಲಿ ಕಲಿಸಿದ್ದರು. ಎರಡನೆಯ ವರ್ಷ ಡಾಕ್ಟರು ದೊಡ್ಡ ಫಾರ್ಮು ಮಾಡಿಸಿದರು. ಖಾನೆಗಳು ಎಪ್ಪತ್ತು ದಾಟಿದವು. ಕಣ್ಣಿಗೇ ಎರಡು ಖಾನೆ, ಸಹಾಯಕ ಬರೆದದ್ದಕ್ಕೆ ಒಂದು, ಡಾಕ್ಟರು ಬರೆದದ್ದಕ್ಕೆ ಇನ್ನೊಂದು. ಒಂದೇ ಥರದ ನೂರೈವತ್ತು ಫಂಕ್ಷನ್ ಕೈಯಿಂದ ಬರೆಯುವುದು ನನಗೆ ಅವಮಾನವೆನಿಸಿತು. ಖಾನೆಗಳ ಹೆಸರಿನ ಪಟ್ಟಿ ಓದಿ, ಆ ಫಂಕ್ಷನ್‌ಗಳನ್ನೆಲ್ಲ ತಾನೇ ಬರೆಯುವ ಒಂದು ಪ್ರೋಗ್ರಾಂ ಬರೆದೆ. ನಲವತ್ತು ಸಾಲು ಇರಬಹುದು. ಖಾನೆಯ ಹೆಸರಿನ ಮುಂದೆ 'ತಾ' ಎಂದು ಸೇರಿಸಿ ತರುವ ಫಂಕ್ಷನ್, 'ಇಡು' ಎಂದು ಸೇರಿಸಿ ಇಡುವ ಫಂಕ್ಷನ್. ಎಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ, ಹೆಸರು ಮಾತ್ರ ಕನ್ನಡದವು. ನಡೆಸಿದೆ. ಚಹಾ ತರಿಸಿದ್ದೆ, ಅದು ಆರುವುದರೊಳಗೆ ಕೆಲಸ ಮುಗಿದಿತ್ತು.

ಸಾಹೇಬರನ್ನು ಕರೆದು ತೋರಿಸಿದೆ.

"ಪ್ರೋಗ್ರಾಂ ಬರಿಯೋ ಪ್ರೋಗ್ರಾಂ ಏನವಾ ಇದು?" ಎಂದರು.

"ಹೌದ್ರಿ."

"ತಪ್ಪಿದ್ರ?"

"ಒಂದ್ರಾಗ ತಪ್ಪಿಲ್ಲ ಅಂದ್ರ ಯಾವುದ್ರಾಗೂ ತಪ್ಪಿರೂದಿಲ್ರಿ. ಎಲ್ಲಾ ಒಂದೇ ಅಚ್ಚಿನಾಗಿಂದ ಬಂದಾವು."

ಪರೀಕ್ಷೆಯನ್ನೂ ಮಾಡಿದ್ದೆ. ಪ್ರತಿ ಖಾನೆಯಲ್ಲಿ ಏನೋ ಒಂದು ಇಟ್ಟು, ತಕ್ಷಣ ಅದನ್ನೇ ತರಿಸಿ ನೋಡಿದೆ. ಇಟ್ಟದ್ದೇ ಬಂತು. ಎಪ್ಪತ್ತು ಚಿಲ್ಲರೆ ಖಾನೆಗಳಲ್ಲಿ ಒಂದೂ ತಪ್ಪಲಿಲ್ಲ.

ಎಂಟ್ರಿ ಮಾಡಲು ಒಬ್ಬ ಹುಡುಗಿ ಬರುತ್ತಿದ್ದಳು. ಇಡುವ ಫಂಕ್ಷನ್ ಮೂಲಕ ಹೋದರೆ ಒಂದೊಂದು ಖಾನೆಗೂ ಯಂತ್ರ ತಡೆದು ತಡೆದು ನಡೆಯುತ್ತಿತ್ತು. ಅವಳು ಸಾಹೇಬರಿಗೆ ಹೇಳಿದಳು, ಸಾಹೇಬರು ನನಗೆ ಹೇಳಿದರು. ನಾನು ಎಂಟ್ರಿಯನ್ನು ಮಾತ್ರ ನೇರವಾಗಿ ಖಾನೆಗೆ ಹೋಗುವಂತೆ ಬದಲಿಸಿದೆ. ಪಟ್ಟಿ ಮುದ್ರಿಸುವುದು ಮೊದಲಿನಂತೆ ತರುವ ಫಂಕ್ಷನ್ ಮೂಲಕವೇ ಉಳಿಯಿತು. ಮತ್ತೆ ಪರೀಕ್ಷೆ ಮಾಡಲಿಲ್ಲ.

ಅಚ್ಚಾದ ಪಟ್ಟಿ ಶಿಬಿರಕ್ಕೇ ಹೋದದ್ದು ಅದೇ ಮೊದಲು, ಹುನಗುಂದದ ಶಿಬಿರಕ್ಕೆ. ನಮ್ಮೂರ ಶಿಬಿರವೆಂದು ನಾನೇ ಎರಡು ಪ್ರತಿ ತೆಗೆದು, ಅಂಚು ಹರಿದು, ನೀಟಾಗಿ ಪಿನ್ನು ಹಾಕಿ ಕಳಿಸಿದ್ದೆ.

ಅದಾಗಿ ಹನ್ನೆರಡು ದಿನಕ್ಕೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಡಾಕ್ಟರು ಕೋಣೆಗೆ ಬಂದರು. ಯಾವಾಗಲೂ ಚಪ್ಪಲಿ ಬಿಟ್ಟು ಬರುವವರು ಅಂದು ಬೂಟಿನಲ್ಲೇ ಒಳಗೆ ಬಂದರು. ಅವರ ಕೈಯಲ್ಲಿ ಒಂದು ಕೇಸ್ ಪೇಪರು, ನಮ್ಮ ಪಟ್ಟಿಯ ಒಂದು ಹಾಳೆ. ಎರಡನ್ನೂ ನನ್ನ ಮೇಜಿನ ಮೇಲೆ ಇಟ್ಟರು.

"ನಾ ಏನ ಬರದೇನಿ ಓದ್ರಿ."

ಓದಿದೆ. ಇಳಕಲ್ಲಿನ ಹೆಂಗಸು, ವಯಸ್ಸು ನಲವತ್ತೆಂಟು. ಬಲಗಣ್ಣಿನ ಮೂಲೆಯಲ್ಲಿ ಕೀವಿದೆ, ಅದನ್ನು ಮುಟ್ಟಬಾರದು. ಆಪರೇಷನ್ ಎಡಗಣ್ಣಿಗೆ. 'ಎಡ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು.

"ಈಗ ನಿಮ್ಮ ಪಟ್ಟಿ ನೋಡ್ರಿ."

ಪಟ್ಟಿಯಲ್ಲಿ ಆ ಹೆಂಗಸಿನ ಮುಂದೆ ಬಲಗಣ್ಣಿನ ಗುರುತು ಇತ್ತು.

"ಮಾಡಿಬಿಟ್ಟಾರೇನ್ರಿ?" ಎಂದೆ.

"ಮಾಡ್ಯಾರ್ರಿ. ನಾ ಇನ್ನೊಂದು ಟೇಬಲ್ ಮ್ಯಾಲೆ ಇದ್ದೆ. ಹೋದ ವರ್ಷ ಎಲ್ಲಾರೂ ಕೇಸ್ ಪೇಪರ್ ನೋಡಿ ಮಾಡ್ತಿದ್ರು. ಈ ಸಲ ಅಚ್ಚ ಹಾಕಿದ ಪಟ್ಟಿ ಬಂದದ ಅಂತ ಪಟ್ಟೀನ ನೋಡ್ಯಾರ. ಮೂರನೇ ದಿನಕ್ಕ ಕೀವು ಒಳಗ ಹೊಕ್ಕತು. ನಿನ್ನಿ ಆ ಕಣ್ಣು ತಗದು ಹಾಕಿದ್ವಿ."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ. ಎಂಟ್ರಿ ಮಾಡುವ ಹುಡುಗಿ ಯಂತ್ರದಿಂದ ದೂರ ಸರಿದು ನಿಂತಳು. ತಾನೇ ತಪ್ಪು ಒತ್ತಿದೆನೇನೋ ಎಂಬ ಅಂಜಿಕೆ ಅವಳಿಗೆ. ನಿಜ ಹೇಳುತ್ತೇನೆ, ಅವಳೇ ತಪ್ಪು ಒತ್ತಿರಲಿ ಎಂದು ನನ್ನ ಮನಸ್ಸೂ ಬಯಸಿತು. ಯಂತ್ರ ಹಚ್ಚಿ ಆ ದಾಖಲೆ ತೆರೆದೆ. ಸಹಾಯಕ ಬರೆದ ಕಣ್ಣು, ಬಲ. ಡಾಕ್ಟರು ಬರೆದ ಕಣ್ಣು, ಎಡ. ಹುಡುಗಿ ಎರಡನ್ನೂ ಸರಿಯಾಗಿ ತುಂಬಿದ್ದಳು.

ಅಂದರೆ ಪಟ್ಟಿ ಮುದ್ರಿಸುವಾಗ ಡಾಕ್ಟರ ಖಾನೆ ಓದಬೇಕಾದ ಫಂಕ್ಷನ್ ಸಹಾಯಕನ ಖಾನೆ ಓದಿತ್ತು. ಫಂಕ್ಷನ್ ತೆರೆದು ನೋಡಿದೆ. ಬರವಣಿಗೆ ಸರಿ ಇತ್ತು. ಎರಡೂ ಅಕ್ಕಪಕ್ಕ ಇದ್ದವು, ಹೆಸರಿನ ಕೊನೆಯ ಅಂಕಿ ಮಾತ್ರ ಬೇರೆ, ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು. ಅರ್ಧ ತಾಸು ಅವನ್ನೇ ನೋಡುತ್ತ ಕೂತೆ. ಆಮೇಲೆ ಆ ಭಾಷೆಯ ದಪ್ಪ ಪುಸ್ತಕ ತೆಗೆದು ಹುಡುಕಿದೆ. ಒಂದು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಹೆಸರು ಎಷ್ಟು ಉದ್ದ ಬೇಕಾದರೂ ಬರೆಯಬಹುದು, ಆದರೆ ಯಂತ್ರ ಗುರುತಿಸುವುದು ಮೊದಲ ಹತ್ತು ಅಕ್ಷರ ಮಾತ್ರ.

ಆ ಎರಡು ಖಾನೆಗಳ ಹೆಸರು ಸರಿಯಾಗಿ ಹತ್ತು ಅಕ್ಷರದವಾಗಿದ್ದವು, ಅವನ್ನು ಯಂತ್ರ ಬೇರೆ ಬೇರೆ ಎಂದೇ ತಿಳಿದಿತ್ತು. ನನ್ನ ಪ್ರೋಗ್ರಾಂ ಹೆಸರಿನ ಮುಂದೆ ಮೂರು ಇಂಗ್ಲಿಷ್ ಅಕ್ಷರ ಸೇರಿಸಿದಾಗ ಕೊನೆಯ ಅಂಕಿ ಹತ್ತರಾಚೆ ಹೋಗಿಬಿಟ್ಟಿತ್ತು. ಯಂತ್ರಕ್ಕೆ ಎರಡೂ ಫಂಕ್ಷನ್ ಒಂದೇ ಹೆಸರಿನವು. ಮೊದಲು ಸಿಕ್ಕಿದ್ದನ್ನು ನಡೆಸುತ್ತಿತ್ತು. ನನ್ನ ಪರೀಕ್ಷೆಯಲ್ಲಿ ಇಡುವುದೂ ತಪ್ಪು ಖಾನೆಗೆ, ತರುವುದೂ ಅದೇ ತಪ್ಪು ಖಾನೆಯಿಂದ. ಅದಕ್ಕೇ ಇಟ್ಟದ್ದು ಬಂದಿತ್ತು. ಬಹುಪಾಲು ರೋಗಿಗಳಿಗೆ ಎರಡೂ ಖಾನೆಯಲ್ಲಿ ಒಂದೇ ಕಣ್ಣು ಇದ್ದುದರಿಂದ ಪಟ್ಟಿ ನೋಡಿದವರಿಗೂ ಅನುಮಾನ ಬರಲಿಲ್ಲ. ಡಾಕ್ಟರು ಯೋಚಿಸಿ ಬದಲಿಸಿದ ಆ ಮೂರು ನಾಲ್ಕು ಮಂದಿಗೆ ಮಾತ್ರ ತಪ್ಪುತ್ತಿತ್ತು.

"ನನ್ನದ ತಪ್ಪು ಐತ್ರಿ," ಎಂದೆ ಡಾಕ್ಟರಿಗೆ. ಯಾಕೆಂದು ಹೇಳತೊಡಗಿದೆ.

ಅವರು ಕೈ ಅಡ್ಡ ಹಿಡಿದರು. "ಅದು ಇರಲಿ. ಬಾದಾಮಿ ಪಟ್ಟಿ ಯಾವಾಗ ಕೊಟ್ರಿ?"

ಬಾದಾಮಿಯ ಪಟ್ಟಿ ಅಂದು ಬೆಳಿಗ್ಗೆ ಹೋಗಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಆಪರೇಷನ್ ಶುರು.

ಸಾಹೇಬರು ಬಾದಾಮಿಗೆ ಟ್ರಂಕ್ ಕಾಲ್ ಹಚ್ಚಿದರು. ಲೈನು ಸಿಗಲಿಲ್ಲ. ಡಾಕ್ಟರು ಆ ಸಂಜೆಯೇ ಹುನಗುಂದಕ್ಕೆ ಹೋಗಬೇಕಿತ್ತು, ಅಲ್ಲಿ ಇನ್ನೂ ಇಬ್ಬರ ಕಣ್ಣು ಕೆಂಪಾಗಿದ್ದವು. ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ನಾನು ದಾಖಲೆಗಳನ್ನು ಒಂದೊಂದಾಗಿ ತೆರೆದು, ಎರಡೂ ಖಾನೆ ಕಣ್ಣಿಂದ ನೋಡಿ, ಬದಲಾದವರ ಹೆಸರು ಕೈಯಿಂದ ಬರೆದುಕೊಂಡೆ. ಮೂರು ಹೆಸರು. ಯಂತ್ರದ ಮೇಲೆ ಅಂದು ನಂಬಿಕೆ ಇರಲಿಲ್ಲ, ಎರಡು ಸಲ ನೋಡಿದೆ.

ನೇರ ಬಸ್ಸು ಹೋಗಿತ್ತು. ಕೆರೂರಿನ ತನಕ ಹುಬ್ಬಳ್ಳಿ ಬಸ್ಸಿನಲ್ಲಿ ನಿಂತು ಹೋದೆ. ಅಂದು ಕೆರೂರಿನ ಸಂತೆ. ಬಾದಾಮಿ ಕಡೆಯ ಬಸ್ಸಿನಲ್ಲಿ ಚೀಲ, ಬುಟ್ಟಿ, ಕೋಳಿ, ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ಬ್ಯಾಡ ಎಂದ. ನಾನು ಫುಟ್‌ಬೋರ್ಡಿನ ಮೇಲೆ ಹತ್ತಿ ಇಳಿಯಲಿಲ್ಲ. ಅವನು ನನ್ನ ಮುಖ ನೋಡಿ ಸೀಟಿ ಊದಿದ. ಬಾದಾಮಿ ಮುಟ್ಟಿದಾಗ ಸೂರ್ಯ ಮುಳುಗಿತ್ತು, ಇನ್ನೂ ಬೆಳಕಿತ್ತು.

ಶಿಬಿರ ಒಂದು ಶಾಲೆಯಲ್ಲಿ. ಬೆಂಚು ಹೊರಗೆ ಹಾಕಿ, ಕೋಣೆಗಳಲ್ಲಿ ಜಮಖಾನೆ ಹಾಸಿ ರೋಗಿಗಳನ್ನು ಸಾಲಾಗಿ ಮಲಗಿಸಿದ್ದರು. ಹಿಂದಿನ ಸಂಜೆಯೇ ಆಪರೇಷನ್ ಮಾಡುವ ಕಣ್ಣಿನ ರೆಪ್ಪೆಯ ಕೂದಲು ಕತ್ತರಿಸಿ, ಹುಬ್ಬಿನ ಮೇಲೆ ಗುರುತಿಗೆ ಟೇಪು ಅಂಟಿಸುವುದು ಪದ್ಧತಿ. ನಾನು ಹೋಗುವಷ್ಟರಲ್ಲಿ ಅದು ಮುಗಿದಿತ್ತು. ನರ್ಸಬಾಯಿಗೆ ಚೀಟಿ ಕೊಟ್ಟು, ಮೂರು ಹೆಸರು ಹೇಳಿದೆ. ಅವರು ಚೀಟಿ ಓದಿದರು, ನನ್ನನ್ನು ನೋಡಿದರು.

"ನೀವು ಯಾರ್ರಿ?"

"ಪಟ್ಟಿ ಮಾಡಿದಾಕಿರಿ."

ನರ್ಸಬಾಯಿ ಕೇಸ್ ಪೇಪರಿನ ಕಟ್ಟು ಬಿಚ್ಚಿದರು. ಇಬ್ಬರೂ ನೆಲದ ಮೇಲೆ ಕೂತು, ಐವತ್ತೆಂಟು ಜನರ ಕಾಗದವನ್ನು ಪಟ್ಟಿಯ ಜೊತೆ ಹೋಲಿಸಿದೆವು. ನಾನು ಬರೆದ ಮೂರೇ ತಪ್ಪಿದ್ದವು.

ಆ ಮೂವರಲ್ಲಿ ಒಬ್ಬ ಮಹಾಕೂಟದ ಹತ್ತಿರದ ಮುದುಕ, ಗುಡಿಯ ಮುಂದೆ ಹೂವು ಮಾರುವವನು. ನರ್ಸಬಾಯಿ ಅವನ ಬಲ ಹುಬ್ಬಿನ ಟೇಪು ಕಿತ್ತು, ಎಡ ರೆಪ್ಪೆಗೆ ಕತ್ತರಿ ತಂದಾಗ ಅವನು ಕೈಯಿಂದ ಕಣ್ಣು ಮುಚ್ಚಿಕೊಂಡ.

"ಈಗರೆ ಕತ್ತರಿಸಿದ್ರೆಲ್ಲವಾ. ಮತ್ಯಾಕ?"

"ಅದು ತಪ್ಪಾಗಿತ್ತಜ್ಜಾ. ಈ ಕಡೀದು ಮಾಡ್ಬೇಕು," ಎಂದರು ನರ್ಸಬಾಯಿ.

"ನಿಮಗ ಗೊತ್ತೈತೇನ, ಯಾವುದು ಅಂತ?"

ನರ್ಸಬಾಯಿ ನನ್ನ ಕಡೆ ನೋಡಿದರು. ನಾನು, "ಈಗ ಗೊತ್ತೈತಿ, ಅಜ್ಜಾ," ಎಂದೆ. ಅವನು ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು.

ಆ ಮೂವರ ಆಪರೇಷನ್ ಸರಿಯಾಗಿ ಆಯಿತೆಂದು ಆಮೇಲೆ ತಿಳಿಯಿತು. ಹುನಗುಂದದಲ್ಲಿ ಕಣ್ಣು ಕೆಂಪಾಗಿದ್ದ ಇಬ್ಬರದು ಪಟ್ಟಿಯ ತಪ್ಪಲ್ಲ, ಅವರೂ ಗುಣವಾದರು. ಹುನಗುಂದದ ಪಟ್ಟಿಯಲ್ಲಿ ಕಣ್ಣು ಬದಲಾದವರು ಇಬ್ಬರಿದ್ದರು. ಅವರಲ್ಲಿ ಒಬ್ಬ ಶಿಬಿರಕ್ಕೆ ಬಂದೇ ಇರಲಿಲ್ಲ. ಉಳಿದವಳು ಇಳಕಲ್ಲಿನ ಆ ಹೆಂಗಸು ಒಬ್ಬಳೇ.

ಬಾಗಲಕೋಟೆಗೆ ಬಂದ ಮೇಲೆ ನಾನು ಖಾನೆಗಳ ಹೆಸರುಗಳನ್ನೆಲ್ಲ ಮೋಟು ಮಾಡಿದೆ. ಎರಡು ಫಂಕ್ಷನ್‌ಗಳ ಮೊದಲ ಹತ್ತು ಅಕ್ಷರ ಒಂದೇ ಆದರೆ ಬರೆಯದೆ ನಿಂತುಬಿಡುವಂತೆ ಪ್ರೋಗ್ರಾಂಗೆ ನಾಲ್ಕು ಸಾಲು ಸೇರಿಸಿದೆ. ಹತ್ತು ನಿಮಿಷದ ಕೆಲಸ. ಮೊದಲೇ ಮಾಡಿದ್ದರೂ ಹತ್ತೇ ನಿಮಿಷ ಆಗುತ್ತಿತ್ತು. ಹಾಗೆ ನಡೆಸಿದಾಗ ಇನ್ನೂ ಎರಡು ಜೋಡಿ ಸಿಕ್ಕವು, ಊರಿನ ವಿಳಾಸಕ್ಕೆ ಸಂಬಂಧಿಸಿದವು. ಯಾರಿಗೂ ಹಾನಿಯಾಗದಂಥವು.

ಇಳಕಲ್ಲಿಗೆ ಹೋಗುತ್ತೇನೆ ಎಂದಾಗ ಸಾಹೇಬರು ಒಪ್ಪಲಿಲ್ಲ.

"ಹೋಗಿ ಏನ್ ಹೇಳ್ತಿಯವಾ? ಹೆಸರಿನಾಗ ಹತ್ತ ಅಕ್ಷರ ಅಂತ ಹೇಳ್ತೀಯೇನು? ಸಂಸ್ಥೆದವರು ಅದು ಕೀವಿನಿಂದ ಆತು ಅಂತ ಬರಕೊಂಡಾರ. ಅದೂ ಸುಳ್ಳಲ್ಲ."

"ಖರೆನೂ ಅಲ್ರಿ."

"ನಿನ್ನ ಮ್ಯಾಲ ಬರತೈತಿ. ನನ್ನ ಮ್ಯಾಲೂ ಬರತೈತಿ." ಅವರು ಕೆಟ್ಟವರಾಗಿರಲಿಲ್ಲ. ಹೆದರಿದ್ದರು.

ಒಂದು ತಿಂಗಳು ನಾನು ಹೋಗಲಿಲ್ಲ. ಸಾಹೇಬರ ಮಾತಿಗೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ನನಗೇ ಧೈರ್ಯ ಬರಲಿಲ್ಲ. ಒಂದು ರವಿವಾರ ಊರಿಗೆ ಹೋದವಳು ಹುನಗುಂದದಲ್ಲಿ ಇಳಿಯದೆ ಹಾಗೆಯೇ ಇಳಕಲ್ಲಿಗೆ ಹೋದೆ.

ಮಗ್ಗದ ಓಣಿ. ಆ ಹೊತ್ತಿಗೆ ಎಲ್ಲ ಮನೆಗಳಲ್ಲೂ ಮಗ್ಗದ ಸಪ್ಪಳ. ಅವಳ ಮನೆಯಲ್ಲಿ ಮಾತ್ರ ಕುಣಿಮಗ್ಗದ ಮೇಲೆ ಹಳೆಯ ಚಾದರ ಹೊದಿಸಿದ್ದರು. ಗಂಡ ತೀರಿಕೊಂಡು ಬಹಳ ವರ್ಷ. ಮನೆಯಲ್ಲಿ ಅವಳು, ಮದುವೆಯಾಗದ ಒಬ್ಬ ಮಗಳು. ಸೀರೆಯ ಮೈಯ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕಿ ಕೂಡಿಸುವ ಕೆಲಸದಲ್ಲಿ ಅವಳು ಓಣಿಗೆಲ್ಲ ಹೆಸರಾಗಿದ್ದಳು. ಸಾವಿರಾರು ಎಳೆ, ಒಂದೊಂದನ್ನೂ ಬೆರಳಿಂದ ಕೂಡಿಸಬೇಕು. ಕಣ್ಣು ಮಸುಕಾದ ಮೇಲೆಯೂ ಬಿಟ್ಟಿರಲಿಲ್ಲ. ಇನ್ನು ಹತ್ತು ವರ್ಷ ಮಾಡಬೇಕೆಂದೇ ಆಪರೇಷನ್ನಿಗೆ ಬಂದಿದ್ದಳು.

ಬಲಗಣ್ಣಿನ ಜಾಗ ಒಳಕ್ಕೆ ಕುಸಿದು ಮುಚ್ಚಿಕೊಂಡಿತ್ತು. ಎಡಗಣ್ಣಿನಲ್ಲಿ ಪೊರೆ ಬೆಳ್ಳಗೆ ಕಾಣುತ್ತಿತ್ತು. ನನ್ನ ಧ್ವನಿಯ ಕಡೆ ಮುಖ ಮಾಡಿದಳು.

"ಯಾರವಾ?"

ಹೇಳಿದೆ. ಬಸ್ಸಿನಲ್ಲಿ ಬರುವಾಗ ಕೂಡಿಸಿಟ್ಟುಕೊಂಡ ಮಾತು ಒಂದೂ ಬರಲಿಲ್ಲ. ಡಾಕ್ಟರು ಎಡ ಅಂತ ಬರೆದಿದ್ದರು, ನಾನು ಮಾಡಿದ ಪಟ್ಟಿಯಲ್ಲಿ ಬಲ ಅಂತ ಬಂತು, ತಪ್ಪು ನನ್ನದು. ಇಷ್ಟೇ ಹೇಳಿದೆ. ಮಗಳು ಒಲೆಯ ಹತ್ತಿರ ಇದ್ದವಳು ಎದ್ದು ಬಂದು ಬಾಗಿಲಿಗೆ ನಿಂತಳು.

ತಾಯಿಯ ಬೆರಳುಗಳು ಸೀರೆಯ ಅಂಚನ್ನು ತಡವುತ್ತಿದ್ದವು.

"ಡಾಕ್ಟರಿಗೆ ತಿಳಿದಿತ್ತು ಹಂಗಾದ್ರ?"

"ಹೌದ್ರಿ."

"ನಾ ಅವತ್ತು ಹೇಳೀನಿ. ಟೇಬಲ್ ಮ್ಯಾಲ ಮಲಗಿಸಿದಾಗ, ಇದಲ್ರಿ, ಆ ಕಡೀದ್ರಿ ಅಂತ ಹೇಳೀನಿ. ಪಟ್ಟಿ ಒಳಗ ಹಿಂಗ ಐತಿ, ಸುಮ್ನ ಮಲಗವಾ ಅಂದ್ರು. ಓದಿದವರು, ಅಚ್ಚ ಹಾಕ್ಯಾರ, ನನಗ ತಪ್ಪಿರಬೇಕು ಅಂತ ಮಲಗಿದೆ."

ಇದು ನನಗೆ ಗೊತ್ತಿರಲಿಲ್ಲ. ಡಾಕ್ಟರಿಗೂ ಗೊತ್ತಿರಲಿಲ್ಲ.

ನನಗೆ ಅಳು ಬಂತು. ಅವಳು ಅದನ್ನು ಕೇಳಿಸಿಕೊಂಡಳು. "ಅಳಬ್ಯಾಡ. ನೀ ಹೇಳಿ ಹಗುರ ಆದಿ. ನಾ ಏನ ಮಾಡ್ಲಿ, ಇದನ್ನ ಕೇಳಿ? ಇಷ್ಟ ದಿನ ನನ್ನ ದೈವ ಅಂತ ತಿಳಕೊಂಡಿದ್ದೆ. ಅದಾದ್ರ ತಾಳಾಕ ಆಗತಿತ್ತು. ಹೋಗವಾ. ಮತ್ತ ಬರಬ್ಯಾಡ."

ಮಗಳು ಓಣಿಯ ತನಕ ನನ್ನ ಹಿಂದೆ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಇದನ್ನ ಬರದ ಕೊಡ್ತೀರೇನ್ರಿ ಅಕ್ಕಾರ? ಆ ಎಡಗಣ್ಣಿಗೆ ಯಾರೂ ಕೈ ಹಚ್ಚವಲ್ರು. ನಿಮ್ಮವ್ವನ ಮೈಯಾಗ ಕೀವು ಐತಿ, ಇದೂ ಹೋಗತೈತಿ ಅಂತಾರ. ಅವ್ವಗೂ ಹಂಗ ಅಂಜಿಕಿ ಕುಂತೈತಿ. ಡಾಕ್ಟರು ಎಡಕ್ಕ ಆಗತೈತಿ ಅಂತ ಬರದಿದ್ದು ಕಾಗದದಾಗ ಇದ್ರ ತೋರಸ್ತೇನಿ."

ಅಲ್ಲೇ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಬರೆದೆ. ಕೇಸ್ ಪೇಪರಿನಲ್ಲಿ ಇದ್ದದ್ದು, ಪಟ್ಟಿಯಲ್ಲಿ ಬಂದದ್ದು, ಬಂದ ಕಾರಣ. ಕೆಳಗೆ ಹೆಸರು ಬರೆದು ಸಹಿ ಮಾಡಿದೆ. ಅವಳು ಅದನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡು, ಹಿಂತಿರುಗಿ ನೋಡದೆ ಹೋದಳು.

ಮಗಳು ದವಾಖಾನೆಗಳಲ್ಲಿ ತೋರಿಸುತ್ತ ಹೋದ ಆ ಕಾಗದ ತಿಂಗಳೊಳಗೆ ಸಂಸ್ಥೆಯವರ ಕೈಗೆ ಬಂತು. ಸಂಸ್ಥೆಯವರು ಸಾಹೇಬರನ್ನು ಕರೆಸಿದರು. ಪಟ್ಟಿಯ ಕೆಲಸ ನಿಂತಿತು. ಸಾಹೇಬರು ನನ್ನನ್ನು ಹೋಗು ಎನ್ನಲಿಲ್ಲ, ಕೆಲಸ ಕೊಡುವುದನ್ನು ಬಿಟ್ಟರು. ದಿನವೂ ಬಂದು ಯಂತ್ರದ ಮುಸುಕು ತೆಗೆದು, ಸಂಜೆ ಮತ್ತೆ ಹಾಕಿ ಹೋಗುತ್ತಿದ್ದೆ. ಹಾಗೆ ಎರಡು ತಿಂಗಳು ಕಳೆದು ನಾನೇ ಬಿಟ್ಟೆ. ಮತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಸೇರಿದೆ.

ಡಾಕ್ಟರು ಮಾತ್ರ ಆ ಕಾಗದವನ್ನು ಅಲ್ಲಗಳೆಯಲಿಲ್ಲ. ಅದರ ಕೆಳಗೆ ತಾವೂ ಸಹಿ ಹಾಕಿದರಂತೆ. ಅವರೇ ಮೂರು ಸಲ ಇಳಕಲ್ಲಿಗೆ ಹೋಗಿ ಎಡಗಣ್ಣಿನ ಆಪರೇಷನ್ನಿಗೆ ಕೇಳಿದರೂ ಆ ತಾಯಿ ಒಪ್ಪಲಿಲ್ಲ. ವರ್ಷ ಕಳೆದ ಮೇಲೆ, ಬಾಗಿಲು ಯಾವುದು ಕಿಟಕಿ ಯಾವುದು ತಿಳಿಯದಂತಾದಾಗ, ಮಗಳ ಕೈ ಹಿಡಿದು ಬಾಗಲಕೋಟೆಯ ದವಾಖಾನೆಗೆ ಬಂದಳು. ಡಾಕ್ಟರೇ ಆಪರೇಷನ್ ಮಾಡಿದರು. ಕತ್ತರಿಸುವ ಮುಂಚೆ, "ಯಾವ ಕಣ್ಣು, ನೀವ ಹೇಳ್ರಿ," ಎಂದು ಅವಳನ್ನೇ ಕೇಳಿದರೆಂದು ನನಗೆ ಸಿಕ್ಕಾಗ ಹೇಳಿದರು.

ದಪ್ಪ ಕನ್ನಡಕ ಹಾಕಿಕೊಂಡು ಅವಳು ನಡೆದಾಡುವಷ್ಟು ಕಂಡಳು. ಎಳೆ ಕಾಣಲಿಲ್ಲ. ಅವಳ ಜಾಗದಲ್ಲಿ ಕೊಂಡಿ ಹಾಕಲು ಮಗಳು ಕೂತಳು. ತಾಯಿ ಪಕ್ಕದಲ್ಲಿ ಕೂತು ಬೆರಳಿಂದ ಮುಟ್ಟಿ, ಇಲ್ಲಿ ಸಡಲಾಗೇತಿ, ಇಲ್ಲಿ ಬಿಗಿಯಾಗೇತಿ ಎಂದು ಹೇಳುತ್ತಾಳಂತೆ. ಇದನ್ನೂ ನಾನು ಬೇರೆಯವರಿಂದ ಕೇಳಿದ್ದು. ಹುನಗುಂದದಿಂದ ಇಳಕಲ್ಲು ದೂರವೇನಲ್ಲ, ಬಸ್ಸಿಗೆ ಕೊರತೆಯಿಲ್ಲ. ಆದರೆ ಬರಬ್ಯಾಡ ಎಂದು ಅವಳು ಹೇಳಿದ್ದಳು, ನಾನು ಮತ್ತೆ ಆ ಓಣಿಗೆ ಹೋಗಲಿಲ್ಲ.